ಸೆರಗಿನಿಂದ ಶುರುಮಾಡಿ

ಇಪ್ಪತ್ತು ವರ್ಷಗಳಿಂದ ಮೈಸೂರಿನ ಅಗ್ರಹಾರದಲ್ಲಿ ರವಿಕೆ ಹೊಲಿಯುತ್ತಿದ್ದೇನೆ. ಹೊಲಿಗೆ ಕಲಿಯಲು ಬರುವ ಹುಡುಗಿಯರನ್ನು ಮೊದಲು ಜಗನ್ಮೋಹನ ಅರಮನೆಗೆ ಕಳುಹಿಸುತ್ತೇನೆ. 1861ರ ಕಟ್ಟಡ, 1915ರಿಂದ ಚಿತ್ರಶಾಲೆ.

ಬೆಳಿಗ್ಗೆಯೇ ಹೋಗಿ. ಎಲ್ಲವನ್ನೂ ನೋಡಿ ಮುಗಿಸುವ ಆಸೆ ಬಿಡಿ. ರವಿವರ್ಮನ ಚಿತ್ರಗಳ ಮುಂದೆ ನಿಂತು, ಮುಖಕ್ಕಿಂತ ಮೊದಲು ಸೆರಗನ್ನು ನೋಡಿ: ನೆರಿಗೆ ಎಲ್ಲಿಂದ ಹೊರಟಿದೆ, ಎಲ್ಲಿ ಬಿಗಿಯಾಗಿದೆ, ಜರಿಯಂಚು ಬೆಳಕನ್ನು ಎಲ್ಲಿ ಹಿಡಿದಿದೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಹತ್ತಿರದಲ್ಲಿ ಬರೀ ಬಣ್ಣವಾಗಿದ್ದದ್ದು ರೇಷ್ಮೆಯಾಗುತ್ತದೆ.

ಅಲ್ಲೇ ಇರುವ, ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರಕ್ಕೆ ಹೆಚ್ಚು ಹೊತ್ತು ಕೊಡಿ. ಅದು ತೈಲಚಿತ್ರವಲ್ಲ, ಜಲವರ್ಣ. ತಪ್ಪಿದರೆ ತಿದ್ದುವುದು ಬಲು ಕಷ್ಟವಾದ ಬಣ್ಣದಲ್ಲಿ, ಬೆರಳ ಸಂದಿಯಿಂದ ಸೋರುವ ಕೆಂಬೆಳಕನ್ನು ತಂದಿದ್ದಾರೆ. ದಿನವೂ ಕತ್ತರಿ ಹಿಡಿಯುವ ನನಗೆ ಆ ಕೈಯ ಧೈರ್ಯ ಕಂಡಾಗಲೆಲ್ಲ ಮೈ ನವಿರೇಳುತ್ತದೆ.

ಮನೆಗೆ ಬಂದ ಕೂಡಲೇ ನೆನಪಿರುವ ಒಂದು ನೆರಿಗೆಯನ್ನು ಪೆನ್ಸಿಲಿನಲ್ಲಿ ಬರೆದಿಡಿ.

ವೇಷಭೂಷಣಗಳಿಗಾಗಿ ಇನ್ನೊಂದು ದಿನ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಅಲ್ಲಿನ ತೊಗಲುಬೊಂಬೆಗಳನ್ನು ಗಮನಿಸಿ. ಆ ಬೊಂಬೆಗಳ ಸೀರೆಗಳಿಗೆ ಸಣ್ಣ ಸಣ್ಣ ರಂಧ್ರಗಳೇ ಕಸೂತಿ.