ದೇವಿಮನೆ ಘಟ್ಟದಲ್ಲಿ ನನ್ನ ಹೈಬ್ರಿಡ್ ಕಾರು

ಶಿರಸಿಯಲ್ಲಿ ಹೈಬ್ರಿಡ್ ಕಾರು ಇಟ್ಟುಕೊಂಡರೆ ಸಿಕ್ಕವರೆಲ್ಲ ಕೇಳುವುದು ಒಂದೇ, ‘ಎಷ್ಟು ಕೊಡ್ತದೆ?’ ಕಂಪನಿ ಲೆಕ್ಕ ಲೀಟರಿಗೆ 27.97 ಕಿ.ಮೀ. ನಾನು ಮಾತ್ರ ತಿರುಗಿ ಕೇಳುತ್ತೇನೆ: ಘಟ್ಟ ಹತ್ತುವಾಗಲೋ, ಇಳಿಯುವಾಗಲೋ?

ನನ್ನದು ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್. 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಜೊತೆಗೊಂದು ಮೋಟರ್. ಎರಡೂ ಸೇರಿ ಸುಮಾರು 115 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ). ಪ್ಲಗ್ ಹಾಕಿ ಚಾರ್ಜ್ ಮಾಡುವ ರಗಳೆ ಇಲ್ಲ. ಇದೇ ಕಾರಿನ ಮೈಲ್ಡ್ ಹೈಬ್ರಿಡ್ ಬೇರೆಯೇ, ಅದು ಬರೀ ಕರೆಂಟಿನಲ್ಲಿ ಓಡುವುದಿಲ್ಲ.

ಪೇಟೆಯೊಳಗೆ ಇದು ಮಜಾ ಗಾಡಿ. ಐದು ರಸ್ತೆ ಸರ್ಕಲ್ ಹತ್ತಿರ ನಿಂತು ನಿಂತು ಹೋಗುವಾಗ ಇಂಜಿನ್ ಸುಮ್ನೆ ಮಲಗಿರುತ್ತದೆ, ಮೋಟರೇ ಎಳೆಯುತ್ತದೆ. ಮೊದಲ ಸಲ ಕೂತಾಗ ಆಯಿ, “ಗಾಡಿ ಬಂದ್ ಆತನ ಮಾಣಿ?” ಎಂದಿದ್ದಳು. ಪಾದಚಾರಿಗಳಿಗೂ ಸದ್ದು ಕೇಳುವುದಿಲ್ಲ, ಹಾಗಾಗಿ ಓಣಿಯಲ್ಲಿ ಹಾರ್ನ್ ಜಾಸ್ತಿ ಬೇಕಾಗುತ್ತದೆ. ಇಲ್ಲಿ ನನಗೆ 24, 25 ಸಿಗುತ್ತದೆ.

ಅಸಲಿ ಪರೀಕ್ಷೆ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದ್ದು. ಕುಮಟಾ ಕಡೆ ಇಳಿಯುವಾಗ ಕಾಲು ಎತ್ತಿದರೆ ಸಾಕು, ಮೋಟರ್ ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತದೆ. ಆದರೆ ಬ್ಯಾಟರಿ ಚಿಕ್ಕದು, 0.76 ಯೂನಿಟ್ ಅಷ್ಟೇ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಐದು ಜನ ಕೂತರೆ ಗಾಡಿಯ ತೂಕ 1,600 ಕಿಲೋ ಹತ್ತಿರ. ಅಷ್ಟು ಭಾರ ಸಮುದ್ರದವರೆಗೆ ಇಳಿದರೆ ಕಾಗದದ ಲೆಕ್ಕದಲ್ಲಿ ಎರಡೂವರೆ ಯೂನಿಟ್ ಶಕ್ತಿ. ಎಲ್ಲಿ ಹಿಡಿಸುತ್ತದೆ ಹೇಳಿ? ಅರ್ಧ ಘಟ್ಟದಲ್ಲೇ ಬ್ಯಾಟರಿ ಭರ್ತಿ. ಆಮೇಲೆ ಮೋಟರ್ ಗಾಡಿಯನ್ನು ಹಿಡಿಯುವುದು ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕೇ ನಾನು ದೇವಿಮನೆಯ ಮೊದಲ ತಿರುವಿಗೇ ಗೇರ್ ಲಿವರನ್ನು ‘ಬಿ’ಗೆ, ಅಂದರೆ ಇಳಿಜಾರಿನಲ್ಲಿ ಇಂಜಿನ್ನಿಂದಲೇ ಓಟ ತಡೆಯುವ ಸ್ಥಾನಕ್ಕೆ, ಹಾಕುತ್ತೇನೆ. ಇಂಜಿನ್ ಒಮ್ಮೆಲೇ ಗುರ್ ಎನ್ನುತ್ತದೆ. ಹೆದರಬೇಡಿ, ಅದು ಪೆಟ್ರೋಲ್ ಕುಡಿಯುವ ಸದ್ದಲ್ಲ. ಗಾಡಿಯ ಓಟ ತಡೆಯಲು ಇಂಜಿನ್ನನ್ನು ಸುಮ್ನೆ ತಿರುಗಿಸುತ್ತಿರುತ್ತದೆ. ಮಳೆಗಾಲದಲ್ಲಿ, ಮಂಜು ಮುಸುಕಿದಾಗ, ಕಾಲಡಿಯ ಬ್ರೇಕ್ ಬಿಸಿಯಾಗದೆ ಉಳಿಯುವುದು ದೊಡ್ಡ ಸಮಾಧಾನ.

ಹತ್ತುವಾಗ ಕತೆ ಬೇರೆ. ಕುಮಟಾ ಕಡೆಯಿಂದ ಬರುತ್ತ ಕತಗಾಲ ಊರು ದಾಟಿದ ಮೇಲೆ ಮೊದಲ ಕೆಲವು ತಿರುವಿನಲ್ಲಿ ಮೋಟರಿನ ಒತ್ತಾಸೆ ಚೆನ್ನಾಗಿರುತ್ತದೆ, ಲಾರಿ ದಾಟಿಸಬಹುದು. ಬ್ಯಾಟರಿ ಇಳಿದಂತೆ ಇಂಜಿನ್ ಒಂದೇ ಸಮ ಕೂಗುತ್ತದೆ, ವೇಗ ಮಾತ್ರ ನಿಧಾನಕ್ಕೆ ಏರುತ್ತದೆ. ಮೈಲೇಜು 13ಕ್ಕೆ ಬಂದದ್ದೂ ಉಂಟು. ಉಪಾಯ ಇಷ್ಟೇ: ಎಕ್ಸಲರೇಟರನ್ನು ಒಂದೇ ಸಮ ಒತ್ತಿ, ದಾಟಿಸುವ ಆಸೆಯನ್ನು ಬ್ಯಾಟರಿ ಇರುವಾಗಲೇ ತೀರಿಸಿಕೊಳ್ಳಿ.

ಅಂಕೋಲಾ, ಕಾರವಾರದ ಹೆದ್ದಾರಿಯಲ್ಲಿ ಹೇಳುವಂಥದ್ದೇನಿಲ್ಲ. 80ರಲ್ಲಿ ಹೋದರೆ 21, 22. ಮಾಮೂಲಿ ಪೆಟ್ರೋಲ್ ಕಾರಿಗಿಂತ ಜಾಸ್ತಿ ಹೌದು, ಆದರೆ ಪೇಟೆಯಷ್ಟು ಲಾಭ ಇಲ್ಲ.

ಇನ್ನೊಂದು ಮಾತು. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿ ಸಣ್ಣದು. ಹಲಸಿನ ಹಣ್ಣು, ತೆಂಗಿನಕಾಯಿ ಚೀಲ, ಬ್ಯಾಗು ಎಲ್ಲ ಒಟ್ಟಿಗೆ ಹೊರಟರೆ ಒಂದು ಯಾರದೋ ಕಾಲ ಮೇಲೆ ಬರುವುದು ಖಂಡಿತ. ಕೊಳ್ಳುವ ಮನಸ್ಸಿದ್ದರೆ ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಉದ್ದನೆಯ ಏರು ಹತ್ತಿಸಿ ನೋಡಿ.