ಹಳೆಯ ಕಾರಿನ ಡ್ಯಾಶ್‌ಬೋರ್ಡ್ ದೀಪಗಳು ಮಂಕಾದಾಗ ದೋಷ ಹುಡುಕುವ ಬಗೆ

ಮೀಟರುಗಳ ಹಿಂದಿನ ಬೆಳಕು ಮಂಕಾದೊಡನೆ ಹೆಚ್ಚಿನವರು ಬಲ್ಬು ಬದಲಿಸಲು ಹೊರಡುತ್ತಾರೆ. ಎಲ್ಲ ದೀಪಗಳೂ ಒಟ್ಟಿಗೆ ಮಂಕಾಗಿದ್ದರೆ ದೋಷ ಬಹುಮಟ್ಟಿಗೆ ಬಲ್ಬಿನಲ್ಲಿರದೆ ಅದಕ್ಕೆ ವಿದ್ಯುತ್ ತಲುಪುವ ದಾರಿಯಲ್ಲಿರುತ್ತದೆ. ಫಿಲಮೆಂಟ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಕುಸಿದರೂ ಬೆಳಕು ಸುಮಾರು ಶೇ. 30ರಷ್ಟು ಇಳಿಯುವುದರಿಂದ, ಏನನ್ನಾದರೂ ಬದಲಿಸುವ ಮೊದಲು ಅಳೆದು ನೋಡುವುದೇ ಸರಿಯಾದ ಕ್ರಮ.

ಮೊದಲ ಅನುಮಾನ ಈ ದೀಪಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಮೇಲೆ. ಅದರೊಳಗೆ ಸುರುಳಿ ಸುತ್ತಿದ ತಂತಿಯ ಮೇಲೆ ಲೋಹದ ಸಣ್ಣ ತುಂಡೊಂದು ಜಾರುತ್ತದೆ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತರೆ ಅಲ್ಲಿ ಕಿಲುಬು ಕಟ್ಟುತ್ತದೆ. ದೀಪ ಉರಿಯುತ್ತಿರುವಾಗ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹಲವು ಬಾರಿ ತಿರುಗಿಸಿ. ಬೆಳಕು ಮಿನುಗಿದರೆ ಅಥವಾ ಹೆಚ್ಚಿದರೆ ದೋಷ ಅಲ್ಲಿದೆ. ಖಚಿತಪಡಿಸಿಕೊಳ್ಳಲು ಬ್ಯಾಟರಿಯ ಅರ್ತ್ (ಬ್ಯಾಟರಿಯಿಂದ ಕಾರಿನ ಬಾಡಿಗೆ ಹೋಗುವ ತಂತಿ) ಕಳಚಿ, ಡಿಮ್ಮರಿನ ಒಳಬರುವ ಮತ್ತು ಹೊರಹೋಗುವ ತಂತಿಗಳನ್ನು ನೇರವಾಗಿ ಜೋಡಿಸಿ, ಆ ಜೋಡಣೆ ಬಾಡಿಗೆ ತಾಗದಂತೆ ಟೇಪು ಸುತ್ತಿ, ಬ್ಯಾಟರಿಯನ್ನು ಮರಳಿ ಜೋಡಿಸಿ ನೋಡಿ. ಸುರುಳಿಯನ್ನು ಶುಚಿಗೊಳಿಸಲು ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಒರಟಾಗಿ ಉಜ್ಜಿದರೆ ತಂತಿ ತುಂಡಾಗುತ್ತದೆ.

ಡಿಮ್ಮರ್ ಸರಿಯಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು, ಏಕೆಂದರೆ ಕರೆಂಟು ಹರಿಯದೆ ಕೆಟ್ಟ ಜೋಡಣೆಯ ನಷ್ಟ ಮೀಟರಿನಲ್ಲಿ ಕಾಣುವುದಿಲ್ಲ. ಡಿಮ್ಮರನ್ನು ಪೂರ್ಣ ಬೆಳಕಿಗೆ ಇಟ್ಟು, ಬ್ಯಾಟರಿಯ ಪಾಸಿಟಿವ್‌ನಿಂದ ಹೋಲ್ಡರಿನ ನಡುವಿನ ಬಿಂದುವಿಗೆ ಒಮ್ಮೆ, ಹೋಲ್ಡರಿನ ಹೊರಕವಚದಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಮ್ಮೆ ಅಳೆಯಿರಿ. ಪಾಸಿಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿರುವ ಕಾರುಗಳಲ್ಲಿ ಇದು ತಿರುವುಮುರುವು. ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಕಂಡ ಬದಿಯಲ್ಲೇ ಕೆಲಸ ಮಾಡಿ: ಒಂದೆಡೆ ಫ್ಯೂಸ್ ಹಿಡಿಕೆ, ಸ್ವಿಚ್ಚು, ಕನೆಕ್ಟರುಗಳು, ಇನ್ನೊಂದೆಡೆ ಅರ್ತ್ ತಂತಿಯ ಸ್ಕ್ರೂ. ಸ್ಕ್ರೂವಿನ ಕೆಳಗಿನ ಬಣ್ಣ, ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆಯಿರಿ. 6 ವೋಲ್ಟಿನ ಕಾರಿನಲ್ಲಿ ಅಷ್ಟೇ ನಷ್ಟ ಎರಡರಷ್ಟು ಕಾಡುತ್ತದೆ.

ವೋಲ್ಟೇಜ್ ಪೂರ್ತಿಯಾಗಿ ತಲುಪುತ್ತಿದ್ದರೆ ಮಾತ್ರ ಬಲ್ಬನ್ನು ನೋಡಿ. ಗಾಜಿನ ಒಳಗೋಡೆ ಕಪ್ಪಾಗಿದ್ದರೆ ಅಷ್ಟೇ ವ್ಯಾಟಿನ ಹೊಸದನ್ನು ಹಾಕಿ. ಹೆಚ್ಚು ವ್ಯಾಟಿನದು ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಮೀಟರಿನ ಒಳಗಿನ ಬಿಳಿ ಬಣ್ಣ ಹಳದಿಗೆ ತಿರುಗಿದ್ದರೂ ಬೆಳಕು ಕುಗ್ಗುತ್ತದೆ. ಎಲ್‌ಇಡಿ ಹಾಕುವುದಾದರೆ ಚಾರ್ಜಿಂಗ್ ಎಚ್ಚರಿಕೆ ದೀಪವನ್ನು ಮುಟ್ಟಬೇಡಿ: ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡಲು ಆರಂಭಿಸುವುದು ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದಲೇ.