ಒಂದು ಗೇಮ್ ನಿಜಕ್ಕೂ ‘ಇಂಡೀ’ಯೇ ಎಂದು ಪರಿಶೀಲಿಸುವ ಬಗೆ

ವಿಡಿಯೋ ಗೇಮ್ ಒಂದಕ್ಕೆ ‘ಇಂಡೀ’ (ಇಂಡಿಪೆಂಡೆಂಟ್, ಅಂದರೆ ದೊಡ್ಡ ಕಂಪನಿಯ ಹಿಡಿತವಿಲ್ಲದ ಸ್ವತಂತ್ರ ಗೇಮ್) ಎಂಬ ಟ್ಯಾಗ್ ಇದ್ದಾಗ ಮೊದಲು ಅದರ ರೂಪವನ್ನು ಮರೆತುಬಿಡಿ. ಪಿಕ್ಸೆಲ್ ಚಿತ್ರ, ಪುಟ್ಟ ಕತೆ, ಹಿತವಾದ ಸಂಗೀತ ಇವೆಲ್ಲ ಶೈಲಿಗೆ ಸೇರಿದವು. ಎಷ್ಟು ದೊಡ್ಡ ಕಂಪನಿಯಾದರೂ ಅವನ್ನು ಅಳವಡಿಸಿಕೊಳ್ಳಬಹುದು. 2023ರ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅತ್ಯುತ್ತಮ ಸ್ವತಂತ್ರ ಗೇಮ್ ವಿಭಾಗಕ್ಕೆ ‘ಡೇವ್ ದ ಡೈವರ್’ ನಾಮನಿರ್ದೇಶನಗೊಂಡಿತ್ತು. ಅದನ್ನು ರೂಪಿಸಿದ ಮಿಂಟ್‌ರಾಕೆಟ್ ಆಗ ಕೊರಿಯಾ ಮೂಲದ ಬೃಹತ್ ಕಂಪನಿ ನೆಕ್ಸಾನ್‌ನ ಒಂದು ಭಾಗವಾಗಿತ್ತು. ಗೇಮ್ ಸೊಗಸಾಗಿದೆ, ಆದರೆ ಆ ವಿಭಾಗದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಬಳಿಕ ಗೇಮ್‌ಗಳನ್ನು ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್‌ನ ಪುಟದಲ್ಲಿ ಡೆವಲಪರ್ (ಗೇಮ್ ರೂಪಿಸಿದವರು) ಮತ್ತು ಪಬ್ಲಿಷರ್ (ಅದನ್ನು ಪ್ರಕಟಿಸಿದವರು) ಹೆಸರುಗಳನ್ನು ನೋಡಿ. ಎರಡೂ ಒಂದೇ ಆಗಿದ್ದರೆ ಆ ಕಂಪನಿಗೆ ಬೇರೆ ಒಡೆಯರಿದ್ದಾರೆಯೇ ಎಂದು ಹುಡುಕಿ. ಬೇರೆ ಬೇರೆಯಾಗಿದ್ದರೆ ಆತುರದ ತೀರ್ಮಾನ ಬೇಡ: ಎರಿಕ್ ಬರೋನ್ ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ದುಡಿದು ಕಟ್ಟಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರಲ್ಲಿ ಹೊರಬಂದಾಗ ಅದರ ಪ್ರಕಾಶಕರು ಚಕಲ್‌ಫಿಶ್ ಆಗಿದ್ದರು, ಆದರೂ ಅದನ್ನು ಇಂಡೀ ಅಲ್ಲವೆನ್ನಲು ಯಾರಿಗೂ ಮನಸ್ಸು ಬಾರದು.

ಆದ್ದರಿಂದ ನಿಜವಾಗಿ ಕೇಳಬೇಕಾದ ಪ್ರಶ್ನೆ, ಕೆಲಸ ಮುಗಿಯಿತೆಂದು ಹೇಳುವ ಅಧಿಕಾರ ಯಾರದು ಎಂಬುದು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಸಂಗ್ರಹಿಸಿ, 2017ರಲ್ಲಿ ‘ಹಾಲೋ ನೈಟ್’ ಬಿಡುಗಡೆ ಮಾಡಿತು. ಅದರ ಮುಂದಿನ ಗೇಮ್ ‘ಸಿಲ್ಕ್‌ಸಾಂಗ್’ ಅನ್ನು 2019ರಲ್ಲಿ ಘೋಷಿಸಿದ ತಂಡ ಅದನ್ನು ಆಟಗಾರರ ಕೈಗಿತ್ತದ್ದು 2025ರ ಸೆಪ್ಟೆಂಬರ್‌ನಲ್ಲಿ. ಮೊದಲ ಗೇಮಿನ ಮಾರಾಟವೇ ಖರ್ಚಿಗೆ ಸಾಕಾಗುತ್ತಿದ್ದುದರಿಂದ, ಗಡುವು ವಿಧಿಸಿ ಅವಸರಪಡಿಸುವವರು ಯಾರೂ ಇರಲಿಲ್ಲ. ‘ಇಂಡೀ’ ಎಂಬ ಪದಕ್ಕೆ ಅರ್ಥವಿದೆಯೆಂದು ನಾನು ನಂಬುವುದು ಇಂಥ ಸ್ವಾತಂತ್ರ್ಯವನ್ನು ಕಂಡಾಗಲೇ.

ಕೊನೆಗೆ ಹಕ್ಕು ಯಾರದೆಂದು ನೋಡಿ. ಇಲ್ಲಿ ಉತ್ತರ ತೊಡಕಾಗುವುದುಂಟು. ಬೆಲ್ಜಿಯಂನ ಲಾರಿಯನ್ ಕಂಪನಿ ‘ಬಾಲ್ಡರ್ಸ್ ಗೇಟ್ 3’ ಅನ್ನು 2023ರಲ್ಲಿ ತಾನೇ ಪ್ರಕಟಿಸಿತು. ಆದರೆ ನೂರಾರು ಮಂದಿ ದುಡಿದ ಆ ಗೇಮಿನ ಲೋಕವು ವಿಜಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಸ್ವತ್ತು. ಇಂಥ ಕಡೆ ಒಂದೇ ಪದಕ್ಕೆ ಜೋತುಬೀಳದೆ, ‘ಸ್ವಂತ ಪ್ರಕಟಣೆ, ಪರವಾನಗಿ ಪಡೆದ ಕಥಾಲೋಕ’ ಎಂದು ಬಿಡಿಸಿ ಬರೆಯುವುದೇ ಸರಿ.

ನಿಮ್ಮ ತೀರ್ಮಾನದ ಜೊತೆಗೆ ವರ್ಷವನ್ನೂ ಬರೆದಿಡಿ. 2009ರಲ್ಲಿ ಒಬ್ಬ ವ್ಯಕ್ತಿಯ ಕೆಲಸವಾಗಿ ಆರಂಭಗೊಂಡ ‘ಮೈನ್‌ಕ್ರಾಫ್ಟ್’ ಅನ್ನು, ಅದರ ಮೊಜಾಂಗ್ ಕಂಪನಿಯ ಸಮೇತ, 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡುಕೊಂಡಿತು.